ಸುಬೇದಾರರನ್ನು ಕೇಳಿ: ‘ಆರಾಮ್ ಇದ್ದೀನಿ’ ಅಂದರೆ ಅಲ್ಲಿ ಏನು ನಡೆದಿದೆ?

ಈ ತಿಂಗಳ ಅಂಚೆಯಲ್ಲಿ ಪಿಂಚಣಿ, ಕ್ಯಾಂಟೀನ್ ಕಾರ್ಡಿನ ಪ್ರಶ್ನೆ ಕಡಿಮೆ. ದಕ್ಷಿಣ ಸುಡಾನ್‌ನಿಂದ ಫೋನ್ ಬರುತ್ತದಾ ಅಂತ ಕಾಯುತ್ತಾ ಕೂತವರ ಪತ್ರಗಳೇ ಜಾಸ್ತಿ. ಅಲ್ಲಿನ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ನಮ್ಮ ಬೆಟಾಲಿಯನ್‌ಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಾಗುತ್ತವೆ. ಹೊಸಬರು ವಿಮಾನ ಹತ್ತಿದ ಕೂಡಲೇ ಇಲ್ಲಿ ಮನೆಗಳಲ್ಲಿ ಗಾಬರಿ ಶುರು. ನಾನು ಮಲಕಾಲ್‌ನಲ್ಲಿ ಇದ್ದು ಬಂದವನು, ಈಗ ಊರಲ್ಲಿ ಹೊಲ ನೋಡಿಕೊಂಡಿದ್ದೇನೆ. ಹಾಗಾಗಿ ಈ ಸಲ ಇವರದ್ದೇ ಮೊದಲು. ಪಿಂಚಣಿಯವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಕಾಯುವುದು ನಿಮಗೇನು ಹೊಸದಲ್ಲ ಬಿಡಿ.

ನಮ್ಮ ಯಜಮಾನರು ಹವಾಲ್ದಾರ್. ಹೋದ ತಿಂಗಳು ದಕ್ಷಿಣ ಸುಡಾನ್‌ಗೆ ಹೋದರು. ಫೋನ್ ಮಾಡಿದಾಗಲೆಲ್ಲ ‘ಆರಾಮ್ ಇದ್ದೀನಿ, ಊಟ ಆಯ್ತು’ ಅಂತಾರೆ, ಅಷ್ಟೇ. ಬೆಳಿಗ್ಗೆಯಿಂದ ರಾತ್ರಿ ತನಕ ಅಲ್ಲಿ ಏನು ಮಾಡ್ತಾರೆ? ನನಗೆ ಏನೂ ಕಣ್ಣಿಗೆ ಕಟ್ಟೋದೇ ಇಲ್ಲ.
— ಓದುಗರೊಬ್ಬರು, ಹುನಗುಂದ ತಾಲ್ಲೂಕು

ತಂಗಿ, ಅವರು ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳಬೇಡಿ. ದಿನಾ ಫೋನ್ ಮಾಡಿ ಹೇಳುವಂಥ ಸುದ್ದಿ ಅಲ್ಲಿ ಇರುವುದೇ ಇಲ್ಲ. ಹೊಸದಾಗಿ ಹೋದವನನ್ನು ಮೊದಲ ಎರಡು ತಿಂಗಳು ಕಾಡುವುದು ಬೇಸರ. ಇವತ್ತು ನಿನ್ನೆಯ ಹಾಗೆ, ನಾಳೆ ಇವತ್ತಿನ ಹಾಗೆ. ಅದನ್ನು ಹೆಂಡತಿ ಮುಂದೆ ಹೇಗೆ ಬಿಡಿಸಿ ಹೇಳಬೇಕು ಅಂತ ಗೊತ್ತಾಗದೆ ‘ಆರಾಮ್’ ಅಂದುಬಿಡುತ್ತಾನೆ.

ಮೊದಲು ಜಾಗ ಹೇಳುತ್ತೇನೆ. ಮಲಕಾಲ್ ಬಿಳಿ ನೈಲ್ ನದಿಯ ದಂಡೆ ಮೇಲಿನ ಊರು. ದಕ್ಷಿಣ ಸುಡಾನ್ 2011ರ ಜುಲೈನಲ್ಲಿ ಸ್ವತಂತ್ರವಾಯಿತು, 2013ರ ಡಿಸೆಂಬರ್‌ನಲ್ಲಿ ಅವರವರಲ್ಲೇ ಯುದ್ಧ ಹತ್ತಿತು. ಆಗ ಮಲಕಾಲನ್ನು ಒಮ್ಮೆ ಇವರು ಹಿಡಿದರು, ಒಮ್ಮೆ ಅವರು ಹಿಡಿದರು. ನಡುವೆ ಸಿಕ್ಕ ಜನ ಜೀವ ಉಳಿಸಿಕೊಳ್ಳಲು ವಿಶ್ವಸಂಸ್ಥೆಯ ಕ್ಯಾಂಪಿಗೆ ಓಡಿ ಬಂದು, ಅದರ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡರು. ಬಂದವರು ಹಿಂದಕ್ಕೆ ಹೋಗಲಿಲ್ಲ. ಹತ್ತಾರು ಸಾವಿರ ಜನ, ಪ್ಲಾಸ್ಟಿಕ್ ತಾಡಪಾಲಿನ ಮನೆಗಳು, ಸುತ್ತ ಮಣ್ಣಿನ ಒಡ್ಡು, ಮುಳ್ಳುತಂತಿ. ಅವರನ್ನು ಕಾಯುವುದೇ ಅಲ್ಲಿ ಮುಖ್ಯ ಕೆಲಸ. ನಿಮ್ಮವರು ಬೋರ್‌ನಲ್ಲೋ ರೆಂಕ್‌ನಲ್ಲೋ ಇರಬಹುದು. ಊರು ಬೇರೆಯಾದರೂ ದಿನಚರಿ ಹೆಚ್ಚೂಕಡಿಮೆ ಇದೇ.

ನಸುಕಿನಲ್ಲೇ ಎಬ್ಬಿಸುತ್ತಾರೆ, ಯಾಕೆಂದರೆ ಬಿಸಿಲೇರುವ ಮೊದಲು ಪಿ.ಟಿ. ಮುಗಿಯಬೇಕು. ಫೆಬ್ರುವರಿ, ಮಾರ್ಚ್‌ನಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ. ಮಲಗುವುದು ತಗಡಿನ ಗೋಡೆಯ ಪ್ರಿಫ್ಯಾಬ್ ಕೋಣೆಯಲ್ಲಿ. ಕಬ್ಬಿಣದ ಮಂಚ, ಮೇಲೆ ಸೊಳ್ಳೆಪರದೆ, ಮಂಚದ ಕೆಳಗೆ ಟ್ರಂಕು. ಕರೆಂಟು ಅಂದರೆ ಜನರೇಟರ್. ಅದರ ಗುಂಯ್ ಸದ್ದು ಹಗಲು ರಾತ್ರಿ ಕಿವಿಯಲ್ಲಿ ಇರುತ್ತದೆ. ಮೊದಲ ವಾರ ಆ ಸದ್ದಿಗೆ ನಿದ್ದೆ ಬರುವುದಿಲ್ಲ. ಆಮೇಲೆ ಅದು ನಿಂತರೆ ಎಚ್ಚರ ಆಗುತ್ತದೆ! ನೀರು ನೈಲ್‌ನಿಂದ ಬರುತ್ತದೆ. ಪಂಪಿನಲ್ಲಿ ಎತ್ತಿ, ಸೋಸಿ, ಮದ್ದು ಹಾಕಿ ಕೊಡುತ್ತಾರೆ.

ಲಂಗರ್‌ನಲ್ಲಿ, ಅಂದರೆ ಸೇನೆಯ ಅಡುಗೆಮನೆಯಲ್ಲಿ, ಚಹಾ, ಪೂರಿ ತಿಂದು ಫಾಲಿನ್, ಅಂದರೆ ಸಾಲಾಗಿ ನಿಲ್ಲುವುದು. ಅಲ್ಲಿ ಡ್ಯೂಟಿ ಹಂಚುತ್ತಾರೆ. ಟವರ್ ಮೇಲೆ ನಿಲ್ಲುವವರು, ಗೇಟ್ ಮೇಲೆ ತಪಾಸಣೆ ಮಾಡುವವರು, ಗಾಡಿ ರಿಪೇರಿಯವರು, ಏನಾದರೂ ಆದರೆ ತಟ್ಟನೆ ಹೊರಡಲು ಬೂಟು ಬಿಚ್ಚದೆ ಕೂತಿರುವವರು. ಉಳಿದವರು ಪೆಟ್ರೋಲಿಂಗ್. ಬಿಳಿ ಗಾಡಿ, ಮೇಲೆ ಕಪ್ಪು ಅಕ್ಷರದಲ್ಲಿ ‘ಯು.ಎನ್.’ ಅಂತ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ನಮ್ಮ ಡ್ರೈವರ್‌ಗಳು ಪರೀಕ್ಷೆ ಕೊಟ್ಟು ಯು.ಎನ್. ಪರ್ಮಿಟ್ ಪಡೆದ ಮೇಲೇ ಸ್ಟೇರಿಂಗ್ ಮುಟ್ಟಬೇಕು. ಕಾಶ್ಮೀರದ ಘಾಟಿಯಲ್ಲಿ ರಾತ್ರಿ ಲೈಟಿಲ್ಲದೆ ಟ್ರಕ್ ಓಡಿಸಿದವರು ಇಲ್ಲಿ ಪರೀಕ್ಷೆಯಲ್ಲಿ ಫೇಲಾಗಿ ಮುಖ ಊದಿಸಿಕೊಂಡದ್ದನ್ನು ನೋಡಿದ್ದೇನೆ.

ಪೆಟ್ರೋಲಿಂಗ್ ಅಂದರೆ ನಿಮಗೆ ಗುಂಡಿನ ಕಾಳಗ ನೆನಪಿಗೆ ಬರಬಹುದು. ನಾವು ಜಾಸ್ತಿ ಮಾಡಿದ್ದು ಸೌದೆ ಪೆಟ್ರೋಲಿಂಗ್. ಕ್ಯಾಂಪಿನ ಹೆಂಗಸರು ಒಲೆಗೆ ಸೌದೆ ತರಲು ಹೊರಗೆ ಹೋಗಲೇಬೇಕು. ದಾರಿಯಲ್ಲಿ ಅವರ ಮೇಲೆ ಕೈ ಹಾಕುವವರು ಇರುತ್ತಾರೆ. ಅದಕ್ಕೇ ಅವರು ಹೋಗುವ ದಾರಿಯಲ್ಲಿ ನಾವೂ ಹೋಗುತ್ತೇವೆ. ಬೆಳಿಗ್ಗೆ ಗೇಟಿನ ಹತ್ತಿರ ಐವತ್ತು ಅರವತ್ತು ಹೆಂಗಸರು ಸೇರುತ್ತಾರೆ. ಕೈಯಲ್ಲಿ ಸಣ್ಣ ಕೊಡಲಿ, ಹಳೇ ಬಟ್ಟೆ ಹೆಣೆದು ಮಾಡಿದ ಸಿಂಬಿ, ಕೆಲವರ ಬೆನ್ನಿಗೆ ಕೂಸು. ‘ಕೇಫ್?’ ಅಂದರೆ ‘ಕ್ವೇಸ್’ ಅಂತಾರೆ. ಹೇಗಿದ್ದೀರಿ, ಚೆನ್ನಾಗಿದ್ದೇವೆ, ಅಷ್ಟು ಜುಬಾ ಅರಬ್ಬಿ ಎಲ್ಲ ಜವಾನರೂ ವಾರದಲ್ಲಿ ಕಲಿಯುತ್ತಾರೆ. ಅವರು ಮುಂದೆ, ನಾವು ಹಿಂದೆ ಗಾಡಿಯಲ್ಲಿ, ಕೆಲವರು ಕಾಲ್ನಡಿಗೆಯಲ್ಲಿ. ಅವರು ಕಡಿಯುವಷ್ಟು ಹೊತ್ತು ನಾವು ಸುತ್ತ ನಿಲ್ಲುತ್ತೇವೆ. ಮರಳುವಾಗ ಒಬ್ಬೊಬ್ಬರ ತಲೆ ಮೇಲೂ ಅವರಿಗಿಂತ ಉದ್ದದ ಹೊರೆ. ಒಂದಿಷ್ಟು ಉರಿಸಲು, ಒಂದಿಷ್ಟು ಮಾರಲು. ಒಂದು ದಿನ ಮುದುಕಿಯೊಬ್ಬಳ ಹೊರೆ ಬಿಚ್ಚಿಹೋಯಿತು. ನಮ್ಮ ಹುಡುಗನೊಬ್ಬ ಹಗ್ಗ ಬಿಗಿದು ಕಟ್ಟಿಕೊಟ್ಟ. ಆಕೆ ಅವನು ಹಾಕಿದ ಗಂಟನ್ನು ನೋಡಿ, ತಲೆ ಆಡಿಸಿ, ಬಿಚ್ಚಿ, ತನ್ನ ರೀತಿಯಲ್ಲೇ ಮತ್ತೆ ಕಟ್ಟಿಕೊಂಡಳು. ಎಲ್ಲ ಹೆಂಗಸರೂ ನಕ್ಕರು, ನಾವೂ ನಕ್ಕೆವು.

ಹೊಸಬನಿಗೆ ಇನ್ನೊಂದು ವಿಷಯ ತಲೆಗೆ ಹತ್ತಲು ಸಮಯ ಬೇಕು. ನಮ್ಮ ಗಡಿಯಲ್ಲಾದರೆ ಆ ಕಡೆ ಯಾರು, ಈ ಕಡೆ ಯಾರು ಅಂತ ಗೊತ್ತಿರುತ್ತದೆ. ಅಲ್ಲಿ ನಮಗೆ ವೈರಿ ಅಂತ ಯಾರೂ ಇಲ್ಲ. ರಸ್ತೆಗೆ ಅಡ್ಡ ಹಗ್ಗ ಕಟ್ಟಿ, ಹೆಗಲಿಗೆ ಎ.ಕೆ. ಹಾಕಿಕೊಂಡ ಹದಿನೇಳರ ಹುಡುಗ ನಿಮ್ಮ ಕಾನ್‌ವಾಯ್ ನಿಲ್ಲಿಸುತ್ತಾನೆ. ನಿಮ್ಮ ಹತ್ತಿರ ಅವನಿಗಿಂತ ದೊಡ್ಡ ಬಂದೂಕು ಇದೆ. ಆದರೂ ಇಳಿದು, ಕೈ ಕುಲುಕಿ, ದುಭಾಷಿಯನ್ನು ಕರೆದು, ಕಾಗದ ತೋರಿಸಿ, ಅವನ ಮೇಲಿನವನು ಬರುವ ತನಕ ಬಿಸಿಲಲ್ಲಿ ನಿಲ್ಲಬೇಕು. ಒಮ್ಮೊಮ್ಮೆ ಅರ್ಧ ದಿನ. ಸಿಟ್ಟು ನುಂಗುವುದನ್ನು ಯಾವ ಟ್ರೈನಿಂಗ್ ಸೆಂಟರ್‌ನಲ್ಲೂ ಪೂರ್ತಿ ಕಲಿಸಲು ಆಗುವುದಿಲ್ಲ. ಫೋನಿನಲ್ಲಿ ನಿಮ್ಮವರ ದನಿ ಬಿರುಸಾಗಿದ್ದರೆ ಅವತ್ತು ಇಂಥದ್ದೇನೋ ಆಗಿದೆ ಅಂದುಕೊಳ್ಳಿ, ನಿಮ್ಮ ಮೇಲಿನ ಸಿಟ್ಟಲ್ಲ.

ಸಂಜೆ ವಾಲಿಬಾಲ್. ಕತ್ತಲಾಗುವ ಮುಂಚೆ ತೋಳು ಇಳಿಸಿ, ಕೈಗೆ ಸೊಳ್ಳೆ ಕ್ರೀಮ್ ಹಚ್ಚಿ ಮತ್ತೆ ಗಣತಿ. ಆಮೇಲೆ ಎಲ್ಲರೂ ಒಟ್ಟಿಗೇ ಫೋನ್ ಹಿಡಿಯುತ್ತಾರೆ, ನೆಟ್‌ವರ್ಕ್ ಕೂತುಬಿಡುತ್ತದೆ. ‘ಹಲೋ, ಕೇಳ್ತಿದೆಯಾ’ ಅನ್ನುವುದರಲ್ಲೇ ಕಾಲು ಗಂಟೆ. ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ. 2021ರ ಫೆಬ್ರುವರಿಯಲ್ಲಿ ಆ ದೇಶದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಟ್ಟುಕೊಂಡರು, ಅದಕ್ಕೆ ಮೊದಲು ಎರಡೂವರೆ ಇತ್ತು. ಅಲ್ಲಿ ಊಟ ಮುಗಿಸಿ ಎಂಟಕ್ಕೆ ಫೋನ್ ಮಾಡಿದರೆ ನಿಮಗೆ ರಾತ್ರಿ ಹನ್ನೊಂದೂವರೆ. ಬೆಳಗಿನ ಹೊತ್ತು ಗೊತ್ತು ಮಾಡಿಕೊಳ್ಳಿ, ಇಬ್ಬರಿಗೂ ಒಳ್ಳೆಯದು.

ಅಪಾಯವೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. 2013ರ ಏಪ್ರಿಲ್ 9ರಂದು ಜೊಂಗ್ಲೆ ಪ್ರಾಂತ್ಯದಲ್ಲಿ ಗುಮುರುಕ್ ಹತ್ತಿರ ಕಾನ್‌ವಾಯ್ ಮೇಲೆ ಹೊಂಚುದಾಳಿಯಾಗಿ ನಮ್ಮ ಐವರು ಸೈನಿಕರು ತೀರಿಕೊಂಡರು. ಅದನ್ನು ಅಲ್ಲಿರುವ ಯಾರೂ ಮರೆತಿಲ್ಲ. ಬುಲೆಟ್‌ಪ್ರೂಫ್ ಜಾಕೆಟ್ ಬಿಸಿಲಲ್ಲಿ ಎಷ್ಟೇ ಕುದಿದರೂ ಬಿಚ್ಚಲು ಬಿಡದಿರುವುದು ಇದಕ್ಕೇ. ಆದರೆ ನೀವು ಕೇಳಿದ್ದು ದಿನಾ ಏನು ಮಾಡುತ್ತಾರೆ ಅಂತ. ದಿನಾ ಮಾಡುವುದು ಮೇಲೆ ಹೇಳಿದ್ದು.

ಅವರಿಗೆ ‘ಹೇಗಿದ್ದೀರಿ’ ಅಂತ ಕೇಳುವ ಬದಲು ‘ಇವತ್ತು ಟವರಾ, ಗೇಟಾ?’ ಅಂತ ಕೇಳಿ ನೋಡಿ. ಮಾತು ತಾನಾಗಿ ಬರುತ್ತದೆ.

ಮಗನಿಗೆ ತಿಂಡಿ ಕಳಿಸಬೇಕು ಅಂತ ಆಸೆ. ಏನು ಕಳಿಸಲಿ? ಅಲ್ಲಿ ರೊಟ್ಟಿ ಸಿಗುತ್ತದಾ?
— ತಾಯಿಯೊಬ್ಬರು, ಸಿಂದಗಿ

ಅವ್ವಾ, ಹಿಟ್ಟು, ಬೇಳೆ, ಅಕ್ಕಿ, ಕೋಳಿ ಎಲ್ಲ ವಿಶ್ವಸಂಸ್ಥೆಯ ರೇಷನ್‌ನಲ್ಲಿ ಬರುತ್ತವೆ. ಹೊಟ್ಟೆಗೇನೂ ಕಡಿಮೆ ಇಲ್ಲ, ಕಡಿಮೆ ಇರುವುದು ನಾಲಿಗೆಗೆ. ಕೋಳಿ ಹೆಪ್ಪುಗಟ್ಟಿದ್ದು, ತರಕಾರಿ ಬಹಳ ದೂರದಿಂದ ಬಂದದ್ದು. ಲಂಗರ್‌ನ ಹುಡುಗರು ಪಾಪ ಎಷ್ಟೇ ಒಗ್ಗರಣೆ ಹಾಕಿದರೂ ಮೂರನೇ ತಿಂಗಳಿಗೆ ಎಲ್ಲ ಒಂದೇ ರುಚಿ.

ಕಳಿಸಬೇಕಾದ್ದು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ. ಜೊತೆಗೆ ಕಟಕ ರೊಟ್ಟಿ, ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಮುರಿದುಹೋಗುತ್ತದೆ ಅಂತ ಚಿಂತೆ ಬೇಡ, ಚೂರಾದರೂ ಮೊಸರು ಹಾಕಿ ಕಲಸಿ ತಿಂತಾನೆ. ಎಣ್ಣೆ ಉಪ್ಪಿನಕಾಯಿ ಬೇಡ. ನಮ್ಮವನೊಬ್ಬನ ಬ್ಯಾಗಿನಲ್ಲಿ ಡಬ್ಬಿ ಒಡೆದು, ಆ ಮಾವಿನಕಾಯಿ ಎಣ್ಣೆ ಅವನ ಎರಡು ಜೊತೆ ಯೂನಿಫಾರ್ಮಿಗೆ ಹತ್ತಿತ್ತು. ವರ್ಷ ಪೂರ್ತಿ ಪರೇಡಿನಲ್ಲಿ ಅವನ ಪಕ್ಕ ನಿಂತವರಿಗೆ ಹಸಿವಾಗುತ್ತಿತ್ತು.

ಪಾರ್ಸೆಲ್ ಮಾಡುವುದಕ್ಕಿಂತ, ರಜೆಗೆ ಬಂದು ವಾಪಸ್ ಹೋಗುವವರ ಕೈಲಿ ಕೊಡುವುದು ವಾಸಿ. ಯಾರು ಯಾವಾಗ ಬರುತ್ತಾರೆ ಅಂತ ಮಗನನ್ನೇ ಕೇಳಿ. ಅವರಿಗೂ ಸಾಮಾನಿನ ತೂಕದ ಲೆಕ್ಕ ಇರುತ್ತದೆ, ಐದು ಕಿಲೋ ಹೊರಿಸಬೇಡಿ.

ಇನ್ನು ಜೋಳದ ಮಾತು. ಅಲ್ಲಿನ ಜನರ ಊಟವೇ ಜೋಳ, ತಾಯಿ! ಹಿಟ್ಟನ್ನು ಹುಳಿ ಬರಿಸಿ ಕಾದ ಹಂಚಿನ ಮೇಲೆ ತೆಳ್ಳಗೆ ಸವರಿ ತೆಗೆಯುತ್ತಾರೆ, ಕಿಸ್ರಾ ಅಂತ. ಮುದ್ದೆಯಂತೆ ಗಟ್ಟಿ ಮಾಡಿ ಉಣ್ಣುವುದೂ ಉಂಟು, ಅದು ಅಸೀದಾ. ಜೋಳ ಮೊದಲು ಬೆಳೆಗೆ ಬಂದದ್ದೇ ಸುಡಾನ್ ಕಡೆಯ ಆ ಸೀಮೆಯಲ್ಲಿ ಅಂತ ಓದಿದವರು ಹೇಳುತ್ತಾರೆ. ನೆಲವೂ ನಮ್ಮದೇ, ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮೇ ತಿಂಗಳಿಂದ ಮಳೆ ಹಿಡಿದರೆ ಗಾಡಿ ಗಾಲಿಗೆ ಮೆತ್ತಿಕೊಂಡು ಬಿಡುವುದಿಲ್ಲ. ಗರಸು ಹಾಕದ ರಸ್ತೆಯೆಲ್ಲ ಬಂದ್. ಆಗ ಹೆಲಿಕಾಪ್ಟರ್, ಇಲ್ಲ ದೋಣಿ. ಪಂಜಾಬಿನ ಡ್ರೈವರ್‌ಗಳು ಕೆಸರಿಗೆ ಬಯ್ಯುತ್ತಿದ್ದರೆ ನಮ್ಮ ವಿಜಯಪುರ, ಗದಗಿನ ಹುಡುಗರು ಗಾಲಿಗೆ ಏನು ಕೊಡಬೇಕು ಅಂತ ಗೊತ್ತಿದ್ದರಿಂದ ಸುಮ್ನೆ ಹೋಗಿ ಕಂಟಿ ಕಡಿದು ತರುತ್ತಿದ್ದರು.

ಯುಗಾದಿಗೆ ಬೇವು ಕಳಿಸುವುದು ಬೇಡ. ಅಲ್ಲಿ ಬೇವಿನ ಮರಗಳು ಬೇಕಾದಷ್ಟಿವೆ. ಒಂದು ಉಂಡೆ ಬೆಲ್ಲ ಕಳಿಸಿ.

ಸರ್, ಶಾಂತಿಪಡೆಗೆ ಹೋದವರಿಗೆ ಡಾಲರ್‌ನಲ್ಲಿ ಸಂಬಳ, ತಿಂಗಳಿಗೆ ಲಕ್ಷ ಮೀರಿ ಬರುತ್ತದೆ ಅಂತ ಊರಲ್ಲಿ ಹೇಳ್ತಾರೆ. ಮಗ ಅಷ್ಟು ಕಳಿಸುತ್ತಿಲ್ಲ. ಕೇಳಿದರೆ ಬೇಜಾರು ಮಾಡಿಕೊಳ್ತಾನೆ. ನಿಜ ಏನು?
— ನಿವೃತ್ತ ಶಿಕ್ಷಕರು, ರೋಣ

ಗುರುಗಳೇ, ನಿಮ್ಮ ಮಗ ಪ್ರಾಮಾಣಿಕ. ತಪ್ಪು ಊರಿನವರದ್ದು.

ವಿಶ್ವಸಂಸ್ಥೆ ಒಬ್ಬ ಸೈನಿಕನಿಗೆ ಇಂತಿಷ್ಟು ಅಂತ ಕೊಡುವುದು ನಿಜ. 2018ರ ಜುಲೈನಲ್ಲಿ ಅದು ತಿಂಗಳಿಗೆ 1,428 ಡಾಲರ್ ಆಯಿತು, ಆಮೇಲೆ ಸ್ವಲ್ಪ ಏರಿದೆ. ಆದರೆ ಆ ದುಡ್ಡು ಹೋಗುವುದು ಸೈನಿಕನನ್ನು ಕಳಿಸಿದ ದೇಶದ ಸರ್ಕಾರಕ್ಕೆ. ಜವಾನನಿಗೆ ಸಂಬಳ, ಹೊರದೇಶದ ಭತ್ಯೆ ಕೊಡುವುದು ನಮ್ಮ ಸರ್ಕಾರ, ಅದರದ್ದೇ ಲೆಕ್ಕದಲ್ಲಿ, ದರ್ಜೆ ನೋಡಿ. ವಿಶ್ವಸಂಸ್ಥೆಯಿಂದ ತುಕಡಿಯ ಸೈನಿಕನ ಕೈಗೇ ಬರುವ ದಿನಭತ್ಯೆ ಎಷ್ಟು ಗೊತ್ತಾ? 1.28 ಡಾಲರ್. ಹೌದು, ಒಂದು ಡಾಲರ್ ಇಪ್ಪತ್ತೆಂಟು ಸೆಂಟ್. ರಜೆಯ ಕೆಲವು ದಿನಗಳಿಗೆ ಬೇರೆ ಸ್ವಲ್ಪ ಸೇರುತ್ತದೆ.

ಲಕ್ಷದ ಮಾತು ಎಲ್ಲಿಂದ ಬಂತು ಅಂದರೆ, ತುಕಡಿಯ ಜೊತೆಗಲ್ಲದೆ ಒಂಟಿಯಾಗಿ ಮಿಲಿಟರಿ ಅಬ್ಸರ್ವರ್ ಅಂತಲೋ ಸ್ಟಾಫ್ ಆಫೀಸರ್ ಅಂತಲೋ ಹೋಗುವ ಅಧಿಕಾರಿಗಳಿಗೆ ವಿಶ್ವಸಂಸ್ಥೆಯೇ ನೇರವಾಗಿ ಖರ್ಚಿನ ಭತ್ಯೆ ಕೊಡುತ್ತದೆ. ಅದು ದೊಡ್ಡ ಮೊತ್ತ. ಆದರೆ ಮನೆ, ಊಟ ಅವರೇ ನೋಡಿಕೊಳ್ಳಬೇಕು. ಆ ಕಥೆ ಊರಿಗೆ ಬರುವಷ್ಟರಲ್ಲಿ ಎಲ್ಲ ಜವಾನರಿಗೂ ಅನ್ವಯಿಸಿಬಿಟ್ಟಿತು.

ಇಲ್ಲಿ ಇದ್ದುದಕ್ಕಿಂತ ಜಾಸ್ತಿ ಉಳಿಯುತ್ತದೆ, ಅದು ನಿಜ. ಖರ್ಚು ಮಾಡಲು ಅಂಗಡಿಯೇ ಇಲ್ಲವಲ್ಲ. ಆದರೆ ಅದನ್ನು ನಂಬಿ ಈಗಲೇ ಎರಡನೇ ಅಂತಸ್ತಿಗೆ ಕಂಬಿ ತರಿಸಬೇಡಿ. ‘ಎಷ್ಟು ಬಂತು’ ಅಂತ ಪ್ರತಿ ಫೋನಿನಲ್ಲೂ ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಮೇಷ್ಟ್ರಿಗೆ ನಾನು ಹೇಳಬಾರದು, ಆದರೂ ಹೇಳಿದ್ದೇನೆ.

ಮುಂದಿನ ಬ್ಯಾಚಿನಲ್ಲಿ ನನ್ನ ಹೆಸರಿದೆ. ಮಲೇರಿಯಾ ಮಾತ್ರೆ ವರ್ಷವಿಡೀ ತಿಂದರೆ ಗಂಡಸುತನ ಹೋಗುತ್ತದೆ ಅಂತ ಸೀನಿಯರ್ಸ್ ಹೆದರಿಸುತ್ತಿದ್ದಾರೆ. ಮದುವೆ ಗೊತ್ತಾಗಿದೆ ಸರ್.
— ಹೆಸರು ಬೇಡ

ತಮ್ಮಾ, ಮೊದಲು ಮದುವೆಗೆ ಶುಭಾಶಯ. ಆ ಮಾತು ಶುದ್ಧ ಪುಕಾರು. ನಾನು ಹವಾಲ್ದಾರ್ ಆಗಿದ್ದಾಗಲೂ ಅದು ಓಡಾಡುತ್ತಿತ್ತು. ಅದನ್ನು ಹಬ್ಬಿಸಿದವರಿಗೆಲ್ಲ ಈಗ ಎರಡು ಮೂರು ಮಕ್ಕಳು.

ಯಾವ ಮಾತ್ರೆ ಅನ್ನುವುದನ್ನು ಯೂನಿಟ್ ಡಾಕ್ಟರ್ ಹೇಳುತ್ತಾರೆ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್, ದಿನಕ್ಕೊಂದು. ಊಟದ ಜೊತೆ, ಒಂದು ಲೋಟ ತುಂಬ ನೀರು ಕುಡಿದು ನುಂಗು, ನುಂಗಿದ ಕೂಡಲೇ ಮಲಗಬೇಡ, ಎದೆ ಉರಿಯುತ್ತದೆ. ಹಾಲಿನ ಜೊತೆ ಬೇಡ. ಅದನ್ನು ತೆಗೆದುಕೊಳ್ಳುವವರಿಗೆ ಬಿಸಿಲು ಬೇಗ ಸುಡುತ್ತದೆ, ಕತ್ತಿಗೆ ಬಟ್ಟೆ ಸುತ್ತಿಕೋ. ವಾರಕ್ಕೊಂದು ಮೆಫ್ಲೋಕ್ವಿನ್ ಕೊಟ್ಟರೆ ಕೆಲವರಿಗೆ ವಿಚಿತ್ರ ಕನಸು, ತಳಮಳ ಬರುತ್ತದೆ. ಬಂದರೆ ನಾಚದೆ ಡಾಕ್ಟರಿಗೆ ಹೇಳು, ಬದಲಿಸುತ್ತಾರೆ. ಯಾವುದೇ ಆಗಲಿ, ವಾಪಸ್ ಬಂದ ಮೇಲೂ ನಾಲ್ಕು ವಾರ ನಿಲ್ಲಿಸಬಾರದು.

ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಂಡು ಆಮೇಲೆ ಉಗುಳುತ್ತಿದ್ದ ಒಬ್ಬ ಗಟ್ಟಿಮುಟ್ಟಾದ ಹುಡುಗ ನಮ್ಮಲ್ಲಿದ್ದ. ಅಲ್ಲಿನದು ಫಾಲ್ಸಿಪಾರಂ ಮಲೇರಿಯಾ, ತಲೆಗೇರುವ ಜಾತಿ. ಎರಡನೇ ದಿನಕ್ಕೆ ಅವನಿಗೆ ತನ್ನ ಹೆಸರು ನೆನಪಿರಲಿಲ್ಲ. ಮಲಕಾಲ್‌ನಲ್ಲಿ ನಮ್ಮದೇ ಸೇನಾ ಆಸ್ಪತ್ರೆ ಇದ್ದದ್ದಕ್ಕೆ ಉಳಿದ. ನಿನಗೆ ಮಾತ್ರೆ ಬಗ್ಗೆ ಹೆದರಿಸಿದ ಸೀನಿಯರ್‌ಗೆ ಈ ಕಥೆ ಓದಿ ಹೇಳು.

ನಮ್ಮ ಅಪ್ಪ ದಕ್ಷಿಣ ಸುಡಾನ್‌ನಲ್ಲಿ ಇದ್ದಾರೆ. ಅಲ್ಲಿ ಸಿಂಹ ಇದೆಯಾ? ಅಪ್ಪ ಫೋಟೋ ಕಳಿಸೋದೇ ಇಲ್ಲ.
— 6ನೇ ತರಗತಿ ವಿದ್ಯಾರ್ಥಿನಿ, ಹಾವೇರಿ

ಪುಟ್ಟೀ, ನಾನು ಸಿಂಹ ನೋಡಲಿಲ್ಲ. ನೈಲ್ ನದಿಯಲ್ಲಿ ಮೊಸಳೆ ಇದೆ, ನೀರಾನೆ ಇದೆ. ಕ್ಯಾಂಪಿನ ಕಸದ ಗುಂಡಿ ಹತ್ತಿರ ಮರಬೂ ಅಂತ ಒಂದು ಕೊಕ್ಕರೆ ಬರುತ್ತದೆ. ನಿನ್ನಷ್ಟು ಎತ್ತರ, ಬೋಳು ತಲೆ, ಕುತ್ತಿಗೆಯಲ್ಲಿ ಜೋತಾಡುವ ಚೀಲ. ಕೈ ಹಿಂದೆ ಕಟ್ಟಿಕೊಂಡು ತಪಾಸಣೆಗೆ ಬಂದ ಹೆಡ್‌ಮಾಸ್ಟರ್ ಹಾಗೆ ಓಡಾಡುತ್ತದೆ.

ನೋಡಬೇಕಾದ್ದು ಅಲ್ಲಿನ ದನಗಳನ್ನು. ಕೊಂಬುಗಳೇ ನಿನಗಿಂತ ಉದ್ದ. ಡಿಂಕಾ, ನೂಯೆರ್ ಜನರಿಗೆ ದನ ಅಂದರೆ ಪ್ರಾಣ. ಹುಡುಗರು ತಮ್ಮ ಮೆಚ್ಚಿನ ಎತ್ತಿನ ಬಣ್ಣದ ಹೆಸರನ್ನೇ ತಾವೂ ಇಟ್ಟುಕೊಳ್ಳುತ್ತಾರೆ. ಸೊಳ್ಳೆ ಕಚ್ಚದಿರಲಿ ಅಂತ ಸಗಣಿ ಸುಟ್ಟ ಬೂದಿಯನ್ನು ದನಕ್ಕೂ ತಮಗೂ ಬಳಿದುಕೊಳ್ಳುತ್ತಾರೆ. ಮದುವೆಗೆ ಹುಡುಗನ ಕಡೆಯವರು ಹುಡುಗಿ ಮನೆಗೆ ದನಗಳನ್ನೇ ಕೊಡಬೇಕು. ನಮ್ಮ ಸೇನೆಯ ಪಶುವೈದ್ಯರು ಅಲ್ಲಿ ಕ್ಯಾಂಪ್ ಮಾಡಿ ದನಗಳಿಗೆ ಔಷಧಿ ಕೊಡುತ್ತಾರೆ. ನಾವು ಬಂದೂಕು ಹಿಡಿದವರು ಹೋದಾಗ ಸಿಗದ ಮರ್ಯಾದೆ ಆ ಡಾಕ್ಟರಿಗೆ ಸಿಗುತ್ತಿತ್ತು. ಮೈಲಿಗಟ್ಟಲೆ ನಡೆಸಿಕೊಂಡು ಬರುತ್ತಿದ್ದರು.

ಅಪ್ಪ ಫೋಟೋ ಕಳಿಸದಿರುವುದು ಸರಿಯೇ. ಅಲ್ಲಿ ಪರವಾನಗಿ ಇಲ್ಲದೆ ಫೋಟೋ ತೆಗೆಯುವ ಹಾಗಿಲ್ಲ, ಜೊತೆಗೆ ಸೇನೆಯ ನಿಯಮ ಬೇರೆ. ಕಾಗದದಲ್ಲಿ ಮರಬೂ ಚಿತ್ರ ಬಿಡಿಸಿ ಕಳಿಸಿ ಅಂತ ಕೇಳು. ಅಪ್ಪನ ಚಿತ್ರ ಚೆನ್ನಾಗಿ ಬರದಿದ್ದರೆ ನಗಬೇಡ.

ಲೆಬನಾನ್‌ಗೆ ಹೋಗುವ ಬೆಟಾಲಿಯನ್‌ಗೆ ಸೇರುವ ಅವಕಾಶ ಇನ್ನೂ ಇದೆಯಾ?
— ನಾಯಕ್, ಸದ್ಯ ರಜೆಯಲ್ಲಿ, ಬೈಲಹೊಂಗಲ

ಕಷ್ಟ. 1998ರಿಂದ ನಮ್ಮ ಬೆಟಾಲಿಯನ್‌ಗಳು ಅಲ್ಲಿದ್ದವು. ಆ ಮಿಷನ್ನನ್ನು 2026ರ ಡಿಸೆಂಬರ್ 31ಕ್ಕೆ ಮುಗಿಸಬೇಕು ಅಂತ ಭದ್ರತಾ ಮಂಡಳಿ 2025ರ ಆಗಸ್ಟ್‌ನಲ್ಲೇ ತೀರ್ಮಾನಿಸಿದೆ. ನೀವು ಹಿಮ, ಆಲಿವ್ ತೋಟ ಅಂತ ಕನಸು ಕಂಡಿದ್ದರೆ ಈಗ ಎರೆ ಮಣ್ಣಿಗೆ ಮನಸ್ಸು ಮಾಡಿಕೊಳ್ಳಿ.

ಶಾಂತಿಪಡೆಯಲ್ಲಿ ನಮ್ಮ ರಾಜ್ಯದವರು ಯಾರಾದರೂ ದೊಡ್ಡ ಹುದ್ದೆಯಲ್ಲಿ ಇದ್ದರಾ? ಮಗನ ಶಾಲೆಯ ಭಾಷಣಕ್ಕೆ ಬೇಕು.
— ಗೃಹಿಣಿ, ಸೋಮವಾರಪೇಟೆ

ಕೊಡಗಿನಿಂದಲೇ ಕೇಳುತ್ತೀರಲ್ಲ ಅಕ್ಕಾ! ಜನರಲ್ ತಿಮ್ಮಯ್ಯನವರು ನಿಮ್ಮ ಮಡಿಕೇರಿಯವರು. 1953ರಲ್ಲಿ ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿ ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ 1964ರಲ್ಲಿ ಸೈಪ್ರಸ್‌ನ ಶಾಂತಿಪಡೆಗೆ ಕಮಾಂಡರ್ ಆದರು. 1965ರ ಡಿಸೆಂಬರ್ 18ರಂದು ಅಲ್ಲೇ, ಕೆಲಸದಲ್ಲಿ ಇದ್ದಾಗಲೇ ತೀರಿಕೊಂಡರು. ಸೈಪ್ರಸ್ ಸರ್ಕಾರ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಮಡಿಕೇರಿಯಲ್ಲಿ ಅವರು ಹುಟ್ಟಿದ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ ಆಗಿದೆ. ಭಾಷಣಕ್ಕೆ ಮುಂಚೆ ಮಗನನ್ನು ಕರೆದುಕೊಂಡು ಹೋಗಿ ಬನ್ನಿ.

ಅತ್ತೆಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿ ಇದ್ದಾರೆ. ‘ಅವನಿಗೆ ಹೇಳಬೇಡ, ಅಲ್ಲಿ ಒಬ್ಬನೇ ಕೊರಗ್ತಾನೆ’ ಅಂತ ಮಾವ ಹೇಳ್ತಾರೆ. ಹೇಳದಿದ್ದರೆ ಆಮೇಲೆ ನನ್ನ ಮೇಲೇ ಬರುತ್ತೆ. ಇನ್ನೊಂದು, ಮೂರು ವರ್ಷದ ಮಗ ಫೋನಿನಲ್ಲಿ ಅಪ್ಪನ ಮುಖ ನೋಡಿದರೆ ಓಡಿ ಹೋಗ್ತಾನೆ. ಅವರಿಗೆ ತುಂಬ ನೋವಾಗ್ತಿದೆ.
— ಓದುಗರೊಬ್ಬರು, ಅಥಣಿ

ಹೇಳಿ ತಂಗಿ, ಇವತ್ತೇ ಹೇಳಿ. ಮಾವನವರ ಮನಸ್ಸು ನನಗೆ ಅರ್ಥವಾಗುತ್ತದೆ, ನಮ್ಮ ಅಪ್ಪನೂ ಹಾಗೇ ಇದ್ದರು. ಆದರೆ ಈ ಕಾಲದಲ್ಲಿ ಗುಟ್ಟು ನಿಲ್ಲುವುದಿಲ್ಲ. ಪಕ್ಕದ ಮನೆಯವನು ಯಾವುದೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಬೇಗ ಗುಣವಾಗಲಿ’ ಅಂತ ಹಾಕುತ್ತಾನೆ. ಟವರ್ ಮೇಲೆ ರಾತ್ರಿ ಎರಡು ಗಂಟೆಗೆ ಅದನ್ನು ಓದಿದವನು ಏನೇನು ಊಹಿಸಿಕೊಳ್ಳುತ್ತಾನೆ, ಯೋಚಿಸಿ. ಕೈಯಲ್ಲಿ ಲೋಡ್ ಮಾಡಿದ ಬಂದೂಕು ಇರುತ್ತದೆ. ಮನೆಯವರು ಏನೋ ಮುಚ್ಚುತ್ತಿದ್ದಾರೆ ಅಂತ ಒಮ್ಮೆ ಗೊತ್ತಾದರೆ ಆಮೇಲೆ ನೀವು ‘ಎಲ್ಲ ಚೆನ್ನಾಗಿದೆ’ ಅಂದರೂ ನಂಬುವುದಿಲ್ಲ.

ಹೇಳುವ ರೀತಿ ಇದೆ. ಅಳುತ್ತಾ ಶುರು ಮಾಡಬೇಡಿ. ಏನಾಗಿದೆ, ಯಾವ ಡಾಕ್ಟರು ಏನಂದರು, ಜೊತೆಗೆ ಯಾರಿದ್ದಾರೆ, ಮುಂದಿನ ಸುದ್ದಿ ಯಾವಾಗ ಹೇಳುತ್ತೀರಿ. ಇಷ್ಟು ಬರೆದಿಟ್ಟುಕೊಂಡು ಓದಿದರೂ ಪರವಾಗಿಲ್ಲ. ‘ನೀವು ಬರಲೇಬೇಕು’ ಅನ್ನುವ ಪರಿಸ್ಥಿತಿಯಾದರೆ ಡಾಕ್ಟರ್ ಚೀಟಿಯ ಫೋಟೋ ಕಳಿಸಿ, ಅವರು ಕಂಪನಿ ಕಮಾಂಡರ್‌ಗೆ ತೋರಿಸಲಿ. ಇಂಥ ಕಾರಣಕ್ಕೆ ರಜೆ ಕೊಡುತ್ತಾರೆ. ಆದರೆ ಮಲಕಾಲ್‌ನಿಂದ ಜುಬಾಗೆ ವಿಶ್ವಸಂಸ್ಥೆಯ ವಿಮಾನದಲ್ಲಿ ಸೀಟು ಸಿಗಬೇಕು, ಜುಬಾದಿಂದ ಅಡಿಸ್ ಅಬಾಬಾನೋ ಬೇರೆ ಊರೋ ಸುತ್ತಿ ದೆಹಲಿ ಇಲ್ಲವೇ ಮುಂಬೈ, ಅಲ್ಲಿಂದ ಅಥಣಿ. ಮಳೆಗಾಲದಲ್ಲಿ ಮೊದಲನೇ ಮೆಟ್ಟಿಲೇ ಎರಡು ಮೂರು ದಿನ ತಿನ್ನಬಹುದು. ಅದಕ್ಕೇ ತಡ ಮಾಡಬೇಡಿ ಅನ್ನುವುದು. ಇಲ್ಲಿ ಆಸ್ಪತ್ರೆ ಓಡಾಟಕ್ಕೆ ಯಾರೂ ಇಲ್ಲದಿದ್ದರೆ ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಫೋನ್ ಮಾಡಿ. ಹೊರದೇಶದಲ್ಲಿ ಇರುವ ಸೈನಿಕನ ಮನೆಯವರು ಅಂತ ಮೊದಲ ವಾಕ್ಯದಲ್ಲೇ ಹೇಳಿ.

ಮಗನ ವಿಷಯ. ಮೂರು ವರ್ಷದ ಕೂಸಿಗೆ ಪರದೆ ಮೇಲೆ ಅಲುಗಾಡುತ್ತಾ, ತಡೆದು ತಡೆದು ಮಾತಾಡುವ ಮುಖ ಅಪ್ಪ ಅಂತ ಅನಿಸುವುದಿಲ್ಲ. ಅವನನ್ನು ಹಿಡಿದು ಫೋನಿನ ಮುಂದೆ ಕೂರಿಸಬೇಡಿ. ಅವನು ಆಡುತ್ತಿರುವಾಗ ಫೋನನ್ನು ಗೋಡೆಗೆ ಒರಗಿಸಿ ಇಡಿ, ಅಪ್ಪ ಸುಮ್ನೆ ನೋಡುತ್ತಿರಲಿ. ನಮ್ಮಲ್ಲೊಬ್ಬ ದಿನಾ ಒಂದು ನಿಮಿಷದ ದನಿ ಕಳಿಸುತ್ತಿದ್ದ, ಒಂದು ಮಂಗನ ಕಥೆ ಕಂತು ಕಂತಾಗಿ. ಮಗಳು ಅದನ್ನು ಕೇಳಿಯೇ ಮಲಗುತ್ತಿದ್ದಳಂತೆ. ಆ ಮಂಗ ಮಾಡುವ ಉಪದ್ವ್ಯಾಪಕ್ಕೆ ಐಡಿಯಾ ಕೊಡುವುದು ಇಡೀ ಪ್ಲಟೂನಿನ ಕೆಲಸವಾಗಿತ್ತು. ಒಂದು ದಿನ ಸಾಹೇಬರೇ ಬಂದ್ರು, ‘ಮಂಗ ಇವತ್ತು ಬಾವಿಗೆ ಬೀಳಲಿ’ ಅಂತ.

ಯಜಮಾನರು ಮುಂದಿನ ತಿಂಗಳು ವಾಪಸ್ ಬರ್ತಾರೆ. ನಾವು ಇಲ್ಲಿ ಏನಾದರೂ ತಯಾರಿ ಮಾಡಬೇಕಾ?
— ಓದುಗರೊಬ್ಬರು, ನರಗುಂದ

ಹಳದಿ ಜ್ವರದ ಲಸಿಕೆಯ ಹಳದಿ ಕಾರ್ಡನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲು ಹೇಳಿ, ಟ್ರಂಕಿನಲ್ಲಿ ಅಲ್ಲ. ಅದಿಲ್ಲದೆ ಆ ದೇಶಗಳಿಂದ ಬಂದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ತಡೆದಿಡುತ್ತಾರೆ.

ಬಂದ ಮೇಲೆ ಹೊತ್ತಲ್ಲದ ಹೊತ್ತಲ್ಲಿ ಮಲಗಿದರೆ, ಅಲ್ಲಿನ ಸೊಳ್ಳೆಯ ಅಭ್ಯಾಸದಿಂದ ಸಂಜೆ ಏಳು ಗಂಟೆಗೆ ಪೂರ್ತಿ ತೋಳಿನ ಅಂಗಿ ಹಾಕಿಕೊಂಡರೆ ಬಯ್ಯಬೇಡಿ. ಬಂದ ವಾರವೇ ನೆಂಟರ ಮನೆಗಳಿಗೆ ಸುತ್ತಿಸಬೇಡಿ.

ಮುಖ್ಯವಾದದ್ದು ಜ್ವರ. ಬಂದ ಮೇಲಿನ ತಿಂಗಳುಗಳಲ್ಲಿ ಯಾವಾಗ ಜ್ವರ ಬಂದರೂ, ಅದು ಮಾಮೂಲಿ ನೆಗಡಿ ಜ್ವರದ ಹಾಗೇ ಕಂಡರೂ, ಊರಿನ ಡಾಕ್ಟರಿಗೆ ‘ಇವರು ಆಫ್ರಿಕಾದಲ್ಲಿ ಇದ್ದು ಬಂದವರು’ ಅಂತ ನೀವೇ ಹೇಳಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಅವರು ಹೇಳುವುದಿಲ್ಲ, ‘ಸುಸ್ತು ಅಷ್ಟೇ’ ಅಂತಾರೆ. ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ಜ್ವರದ ಮಾತ್ರೆ ಕೊಟ್ಟು ಮೂರು ದಿನ ಬಿಟ್ಟು ಬನ್ನಿ ಅಂತಾರೆ. ಫಾಲ್ಸಿಪಾರಂ ಆಗಿದ್ದರೆ ಆ ಮೂರು ದಿನ ಜಾಸ್ತಿಯಾಯಿತು. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ ಮತ್ತೆ ಮಾಡಿಸಿ. ಹತ್ತಿರದಲ್ಲಿ ಸೇನಾ ಆಸ್ಪತ್ರೆ ಇದ್ದರೆ ನೇರ ಅಲ್ಲಿಗೇ ಹೋಗಿ, ಸೇನೆಯ ಗುರುತಿನ ಕಾರ್ಡ್ ಮರೆಯಬೇಡಿ.